ಮರ್ಕರಾ ತಾಮ್ರಶಾಸನ: ಹೇಳುವ ಕಾಲ, ಕೆತ್ತಿದ ಕಾಲ

ಪ್ರಾಚೀನ ವಸ್ತುವಿನ ಮೇಲೆ ಕಾಲ ನಮೂದಾಗಿದ್ದರೂ ಅದೇ ಅದರ ನಿಜವಾದ ಕಾಲವಾಗಿರಬೇಕಿಲ್ಲ. ಮಡಿಕೇರಿಯ ತಾಮ್ರಶಾಸನ, ಅರ್ಥಾತ್ ಮರ್ಕರಾ ತಾಮ್ರಶಾಸನ, ಇದಕ್ಕೆ ಒಳ್ಳೆಯ ನಿದರ್ಶನ. ಗಂಗರ ಅರಸ ಅವಿನೀತನ ಹೆಸರು ಹೊತ್ತ ಈ ಶಾಸನ, ತಳವನನಗರದ (ತಲಕಾಡಿನ) ಶ್ರೀವಿಜಯ ಜಿನಾಲಯಕ್ಕೆ ಬದನೆಗುಪ್ಪೆ ಗ್ರಾಮವನ್ನು ದತ್ತಿ ಬಿಟ್ಟ ಸಂಗತಿಯನ್ನು ದಾಖಲಿಸುತ್ತದೆ. ಶಾಸನತಜ್ಞ ಬಿ.ಎಲ್. ರೈಸ್ ಇದನ್ನು 1886ರ ಕೊಡಗಿನ ಶಾಸನ ಸಂಪುಟದಲ್ಲಿ ಪ್ರಕಟಿಸಿದರು. ಗಂಗರ ತಾಮ್ರಪಟಗಳು ನಂಬಲರ್ಹವೆಂದು ಅವರು ವಾದಿಸಿದರೆ, ಅವುಗಳಲ್ಲಿ ಬಹುಪಾಲು ಕೂಟಶಾಸನಗಳು (ನಕಲಿ ಶಾಸನಗಳು) ಎಂಬುದು ಮತ್ತೊಬ್ಬ ಶಾಸನತಜ್ಞ ಜೆ.ಎಫ್. ಫ್ಲೀಟ್ ಅವರ ನಿಲುವಾಗಿತ್ತು.

ಮೊದಲಿಗೆ ಮಿತಿಯನ್ನು, ಎಂದರೆ ಶಾಸನ ಹೇಳುವ ಕಾಲವನ್ನು, ಪರೀಕ್ಷಿಸೋಣ. ಶಾಸನ ಯಾವ ಶಕೆಯನ್ನೂ ಹೆಸರಿಸದೆ 388ನೇ ಸಂವತ್ಸರ, ಮಾಘ ಶುದ್ಧ ಪಂಚಮಿ, ಸೋಮವಾರ, ಸ್ವಾತಿ ನಕ್ಷತ್ರ ಎನ್ನುತ್ತದೆ. ಶಕವರ್ಷವೆಂದು ಹಿಡಿದರೆ ಅದು ಕ್ರಿ.ಶ. 466ರ ಸುಮಾರು. ಆದರೆ ಮಾಘ ಶುದ್ಧ ಪಂಚಮಿಯಂದು ಚಂದ್ರನಿರುವುದು ರೇವತಿಯ ಆಸುಪಾಸಿನಲ್ಲಿ. ಸ್ವಾತಿಗೆ ಬರುವುದು ಹುಣ್ಣಿಮೆ ಕಳೆದ ಮೇಲೆ, ಬಹುಳದಲ್ಲಿ. ಈ ತಿಥಿಗೂ ನಕ್ಷತ್ರಕ್ಕೂ ಹೊಂದಿಕೆಯೇ ಇಲ್ಲ. ವಾರದ ಉಲ್ಲೇಖವೂ ಅನುಮಾನ ಹುಟ್ಟಿಸುತ್ತದೆ. ಭಾರತದ ಶಾಸನಗಳಲ್ಲಿ ವಾರವನ್ನು ಹೇಳುವ ಪ್ರಾಚೀನ ನಿದರ್ಶನವೆಂದು ಪ್ರಸಿದ್ಧವಾದ ಬುಧಗುಪ್ತನ ಏರಣ್ ಸ್ತಂಭಶಾಸನ ಕ್ರಿ.ಶ. 484ರದು.

ಇನ್ನೂ ಬಲವಾದ ಆಧಾರ ಒಕ್ಕಣೆಯೊಳಗೇ ಇದೆ. ದತ್ತಿಯಲ್ಲಿ ಪಾತ್ರವಹಿಸಿದವನು ‘ಅಕಾಲವರ್ಷ ಪೃಥ್ವೀವಲ್ಲಭ’ನ ಮಂತ್ರಿ. ಅಕಾಲವರ್ಷ ಎಂಬುದು ಕೃಷ್ಣ ಎಂಬ ಹೆಸರಿನ ರಾಷ್ಟ್ರಕೂಟ ಅರಸರ ಬಿರುದು. ಅವರಲ್ಲಿ ಮೊದಲನೆಯವನು ಆಳಿದ್ದು 8ನೇ ಶತಮಾನದ ಉತ್ತರಾರ್ಧದಲ್ಲಿ. ಲಿಪಿಯೂ 5ನೇ ಶತಮಾನದ್ದಲ್ಲ. ಖ, ಬ ಮುಂತಾದ ಅಕ್ಷರಗಳ ತಿರುವುಗಳನ್ನು ಕಾಲಖಚಿತವಾದ ಶಿಲಾಶಾಸನಗಳೊಡನೆ ಹೋಲಿಸಿ ನೋಡುವ ಕ್ರಮವನ್ನು ಫ್ಲೀಟ್ ಇಂಥ ಪಟಗಳ ಪರೀಕ್ಷೆಗೆ ಬಳಸಿದರು.

ಹಾಗೆಂದು ಲಿಪಿ ಈಚಿನದಾದ ಮಾತ್ರಕ್ಕೆ ವಂಚನೆಯೆಂದು ತೀರ್ಮಾನಿಸಲಾಗದು. ಕಾಮರೂಪದ ಭಾಸ್ಕರವರ್ಮನ ನಿಧನ್‌ಪುರ ಶಾಸನವು ಹಳೆಯ ಪಟ ಸುಟ್ಟುಹೋದದ್ದರಿಂದ ಹೊಸದಾಗಿ ಬರೆಸಿದ್ದೆಂದೂ, ಅಕ್ಷರಗಳು ಬೇರೆಯಾದರೂ ಕೂಟವಲ್ಲವೆಂದೂ ತಾನೇ ಸಾರುತ್ತದೆ. ವಂಚನೆಯೂ ಅಪರೂಪವೇನಲ್ಲ: ಹರ್ಷವರ್ಧನನ ಮಧುಬನ್ ಶಾಸನದ ಪ್ರಕಾರ, ಕೂಟಶಾಸನದ ಬಲದಿಂದ ಒಬ್ಬ ಅನುಭವಿಸುತ್ತಿದ್ದ ಗ್ರಾಮವನ್ನು ಅರಸ ಕಿತ್ತುಕೊಂಡು, ಆ ಪಟವನ್ನು ಮುರಿಸಿ, ಬೇರೆಯವರಿಗೆ ದಾನ ಮಾಡಿದನು.

ಗಂಗರ ಪಟಗಳೆಲ್ಲವೂ ಕೃತಕವಲ್ಲ. ಮುಂದೆ ಪೆನುಕೊಂಡ ತಾಮ್ರಶಾಸನ ದೊರೆತಾಗ ಫ್ಲೀಟರೇ ಅದನ್ನು ನೈಜವೆಂದು ಒಪ್ಪಿದರು. ಆದ್ದರಿಂದ ಪ್ರತಿ ಪಟವನ್ನೂ ಮಿತಿ, ಲಿಪಿ, ಭಾಷೆ, ವಂಶಾವಳಿ, ಬಿರುದುಗಳ ಒರೆಗೆ ಪ್ರತ್ಯೇಕವಾಗಿ ಹಚ್ಚಬೇಕು. ಮರ್ಕರಾ ಶಾಸನವನ್ನು ಅವಿನೀತನ ಕಾಲಕ್ಕಾಗಲಿ, 5ನೇ ಶತಮಾನದ ಕನ್ನಡಕ್ಕಾಗಲಿ, ಅದು ಹೆಸರಿಸುವ ಜೈನ ಮುನಿಪರಂಪರೆಯಾದ ಕೊಂಡಕುಂದಾನ್ವಯದ ಪ್ರಾಚೀನತೆಗಾಗಲಿ ಸಾಕ್ಷಿಯಾಗಿ ಬಳಸುವುದು ಸಲ್ಲದು. ರಾಷ್ಟ್ರಕೂಟರ ಕಾಲದಲ್ಲೋ ಅನಂತರವೋ ಒಂದು ಬಸದಿಯ ಭೂಮಿಯ ಹಕ್ಕನ್ನು ಹೇಗೆ ಸಮರ್ಥಿಸಿಕೊಳ್ಳಲಾಯಿತು ಎಂಬುದಕ್ಕೆ ಮಾತ್ರ ಅದು ಬೆಲೆಯುಳ್ಳ ದಾಖಲೆ.