ರೇಡಿಯೋ ನಿಯಂತ್ರಿತ ಟೂರಿಂಗ್ ಕಾರಿನ ಹೊಂದಾಣಿಕೆ

ರೇಡಿಯೋ ನಿಯಂತ್ರಿತ ಟೂರಿಂಗ್ ಕಾರು ಎಂಬುದು ರಸ್ತೆಯ ಸೆಡಾನ್ ಕಾರುಗಳ ಮಾದರಿಯಲ್ಲಿ, ಸಾಮಾನ್ಯವಾಗಿ 1:10 ಪ್ರಮಾಣದಲ್ಲಿ ತಯಾರಾಗುವ ನಾಲ್ಕು ಚಕ್ರ ಚಾಲನೆಯ ಪಂದ್ಯದ ವಾಹನ. ಇದರ ಅಗಲ ಸುಮಾರು 190 ಮಿ.ಮೀ. ಇರುತ್ತದೆ. ಡಾಂಬರು, ಕಾಂಕ್ರೀಟ್ ಅಥವಾ ರತ್ನಗಂಬಳಿ ಹಾಸಿದ ಒಳಾಂಗಣ ಪಥಗಳಲ್ಲಿ ಇದನ್ನು ಓಡಿಸಲಾಗುತ್ತದೆ. ವಿದ್ಯುತ್ ಚಾಲಿತ ಟೂರಿಂಗ್ ಕಾರುಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ 1998ರಲ್ಲಿ ನಡೆಯಿತು. ಜರ್ಮನಿಯ ಮಾರ್ಕ್ ರೈನಾರ್ಡ್ 2004, 2008 ಮತ್ತು 2010ರಲ್ಲಿ ಈ ಪ್ರಶಸ್ತಿಯನ್ನು ಗೆದ್ದರು.

ಮೇಲ್ದರ್ಜೆಗೇರಿಸುವ ಕ್ರಮ

ಹೊಸದಾಗಿ ಪಂದ್ಯಕ್ಕೆ ಇಳಿಯುವವರು ಮೊದಲು ಬಲವಾದ ಮೋಟಾರನ್ನು ಕೊಳ್ಳುವುದುಂಟು. ಹಿಡಿತವಿಲ್ಲದ ಕಾರಿಗೆ ವೇಗ ಹೆಚ್ಚಿಸಿದರೆ ಅದು ತಿರುವಿನಲ್ಲಿ ಜಾರುತ್ತದೆ, ಹಣವೂ ವ್ಯರ್ಥವಾಗುತ್ತದೆ. ಆದ್ದರಿಂದ ಟೈರು, ಬೇರಿಂಗ್ ಮತ್ತು ಡ್ಯಾಂಪರ್‌ಗಳಿಗೆ ಮೊದಲ ಸ್ಥಾನ, ಮೋಟಾರಿಗೆ ಕೊನೆಯ ಸ್ಥಾನ ನೀಡುವುದು ಸೂಕ್ತ.

ಅಗ್ಗದ ಕಾರುಗಳ ಪೈಕಿ ಜಪಾನಿನ ತಮಿಯಾ ಕಂಪನಿಯ ಟಿಟಿ-02 ಪ್ರಸಿದ್ಧವಾದುದು. ಇದರ ಕಿಟ್‌ನೊಂದಿಗೆ ಸಾಮಾನ್ಯವಾಗಿ ಎಣ್ಣೆಯಿಲ್ಲದ ಘರ್ಷಣೆಯ ಡ್ಯಾಂಪರ್‌ಗಳು ಬರುತ್ತವೆ. ಅವುಗಳ ಬದಲು ಎಣ್ಣೆ ತುಂಬಿದ ಡ್ಯಾಂಪರ್‌ಗಳನ್ನು ಅಳವಡಿಸಿದರೆ ಉಬ್ಬುತಗ್ಗುಗಳ ಮೇಲೂ ಚಕ್ರ ನೆಲವನ್ನು ಬಿಡುವುದಿಲ್ಲ. ಪ್ಲಾಸ್ಟಿಕ್ ಬುಷ್‌ಗಳಿದ್ದರೆ ಬಾಲ್ ಬೇರಿಂಗ್ ಹಾಕುವುದರಿಂದ ಘರ್ಷಣೆ ತಗ್ಗಿ ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ. ಸ್ಟಿಯರಿಂಗ್ ಕೊಂಡಿಗಳ ಸಡಿಲವನ್ನು ಸರಿಪಡಿಸದಿದ್ದರೆ ಮುಂದೆ ಹೇಳುವ ಯಾವ ಕೋನದ ಲೆಕ್ಕವೂ ನಿಲ್ಲದು.

ಗೇರ್ ಅನುಪಾತ

ಚಕ್ರ ಒಂದು ಸುತ್ತು ತಿರುಗಲು ಮೋಟಾರು ಎಷ್ಟು ಸುತ್ತು ತಿರುಗಬೇಕೆಂಬುದೇ ಒಟ್ಟು ಗೇರ್ ಅನುಪಾತ. ಸ್ಪರ್ ಗೇರಿನ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿ, ಕಾರಿನ ಆಂತರಿಕ ಅನುಪಾತದಿಂದ ಗುಣಿಸಿದರೆ ಇದು ದೊರೆಯುತ್ತದೆ. ಟಿಟಿ-02ರ ಮೂಲ ಜೋಡಣೆಯಲ್ಲಿ ಸ್ಪರ್ 70, ಪಿನಿಯನ್ 22, ಆಂತರಿಕ ಅನುಪಾತ 2.6, ಅಂದರೆ 70 ÷ 22 × 2.6 = 8.27. ಪಿನಿಯನ್ ಹಲ್ಲು ಹೆಚ್ಚಿದಷ್ಟೂ ಅನುಪಾತ ಇಳಿದು ಗರಿಷ್ಠ ವೇಗ ಏರುತ್ತದೆ, ಆದರೆ ಚಿಮ್ಮುವ ಶಕ್ತಿ ಕುಗ್ಗಿ ಮೋಟಾರು ಬಿಸಿಯಾಗುತ್ತದೆ. ಪ್ರತಿ ಓಟದ ನಂತರ ಮೋಟಾರಿನ ಉಷ್ಣತೆಯನ್ನು ಅಳೆದು ನೋಡುವುದು ಇದೇ ಕಾರಣಕ್ಕೆ.

ಚಕ್ರಕೋನ ಮತ್ತು ತೂಗುವ್ಯವಸ್ಥೆ

ಮುಂದಿನಿಂದ ನೋಡಿದಾಗ ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದು ಋಣ ಕ್ಯಾಂಬರ್. 1ರಿಂದ 2 ಡಿಗ್ರಿಯಷ್ಟು ವಾಲಿಸಿದರೆ ತಿರುವಿನಲ್ಲಿ ಟೈರಿನ ಪೂರ್ಣ ಅಗಲ ನೆಲಕ್ಕೆ ತಾಗುತ್ತದೆ. ಹಿಂಚಕ್ರಗಳ ಮುಂಭಾಗವನ್ನು 2ರಿಂದ 3 ಡಿಗ್ರಿ ಒಳಮುಖವಾಗಿಸಿದರೆ ಕಾರು ನೇರ ಓಟದಲ್ಲಿ ಸ್ಥಿರವಾಗಿರುತ್ತದೆ. ನುಣುಪು ಪಥದಲ್ಲಿ ಕಾರಿನ ತಳ ನೆಲದಿಂದ ಸುಮಾರು 5 ಮಿ.ಮೀ. ಎತ್ತರದಲ್ಲಿದ್ದರೆ ಸಾಕು, ಒರಟು ನೆಲಕ್ಕೆ ಹೆಚ್ಚು ಬೇಕು.

ತಿರುವಿನಲ್ಲಿ ಕಾರಿನ ಮೂತಿ ಹೊರಕ್ಕೆ ಸರಿಯುತ್ತಿದ್ದರೆ ಮುಂದಿನ ಹಿಡಿತ ಸಾಲದು ಎಂದರ್ಥ. ಆಗ ಮುಂದಿನ ಸ್ಪ್ರಿಂಗನ್ನು ಮೆದುವಾಗಿಸಬೇಕು ಅಥವಾ ಹಿಂದಿನದನ್ನು ಗಡುಸಾಗಿಸಬೇಕು. ಹಿಂಭಾಗ ಜಾರಿದರೆ ಇದರ ವಿಪರ್ಯಯ. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಫಲ ಯಾವುದರದೆಂದು ತಿಳಿಯದು. ಒಂದನ್ನೇ ಮಾಡಿ, ಐದಾರು ಸುತ್ತು ಓಡಿಸಿ, ಸುತ್ತಿನ ಸಮಯವನ್ನು ಬರೆದಿಡಬೇಕು. ಈ ಟಿಪ್ಪಣಿ ಪುಸ್ತಕ ಅನೇಕ ದುಬಾರಿ ಬಿಡಿಭಾಗಗಳಿಗಿಂತ ಹೆಚ್ಚು ಉಪಯುಕ್ತ.

ಬ್ಯಾಟರಿ ಮತ್ತು ರೇಡಿಯೋ

ಎರಡು ಕೋಶಗಳ ಲಿಥಿಯಂ ಪಾಲಿಮರ್ ಬ್ಯಾಟರಿಯ ಹೆಸರಿನ ವೋಲ್ಟೇಜ್ 7.4, ಪೂರ್ಣ ತುಂಬಿದಾಗ 8.4. ಪ್ರತಿ ಕೋಶ 3 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ ಕೆಡುತ್ತದೆ. ಉಬ್ಬಿದ ಅಥವಾ ಜಜ್ಜಿದ ಬ್ಯಾಟರಿಯನ್ನು ಚಾರ್ಜ್ ಮಾಡುವುದು ಬೆಂಕಿಗೆ ಕಾರಣವಾಗಬಹುದು. ಚಾರ್ಜ್ ಆಗುವಾಗ ಹತ್ತಿರದಲ್ಲೇ ಇರಬೇಕು. ಇಂದಿನ ಕಾರುಗಳ ರೇಡಿಯೋಗಳು ಹೆಚ್ಚಾಗಿ 2.4 ಗಿಗಾಹರ್ಟ್ಜ್ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಭಾರತದಲ್ಲಿ ಇದರ ಕಡಿಮೆ ಶಕ್ತಿಯ ಬಳಕೆಗೆ ಪರವಾನಗಿ ಬೇಕಿಲ್ಲ.

ಬಸವಕಲ್ಯಾಣ–ಹುಮನಾಬಾದ್ ಪರಿಸರದಲ್ಲಿ

ಬೀದರ್ ಜಿಲ್ಲೆಯ ಈ ಭಾಗದಲ್ಲಿ ಜಂಬಿಟ್ಟಿಗೆಯ ಕೆಂಪು ನೆಲವೂ ಕಪ್ಪು ಎರೆಮಣ್ಣೂ ಇವೆ. ಕಾಂಕ್ರೀಟ್ ಅಂಗಳದ ಮೇಲೆ ಕುಳಿತ ಧೂಳು ಟೈರಿಗೆ ಅಂಟಿ ಹಿಡಿತವನ್ನು ಕಸಿಯುತ್ತದೆ, ಗೇರ್ ಹಲ್ಲುಗಳನ್ನು ಸವೆಸುತ್ತದೆ. ಓಡಿಸುವ ಮೊದಲು ಅಂಗಳವನ್ನು ಗುಡಿಸಿ, ಟೈರುಗಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಅಗತ್ಯ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಡ್ಯಾಂಪರಿನ ಸಿಲಿಕೋನ್ ಎಣ್ಣೆ ತೆಳುವಾಗುತ್ತದೆ. ಚಳಿಗಾಲದ ಬೆಳಗಿನಲ್ಲಿ ಸರಿಹೊಂದಿದ್ದ ಕಾರು ಏಪ್ರಿಲ್ ಮಧ್ಯಾಹ್ನ ಕುಪ್ಪಳಿಸಬಹುದು. ಆಗ ಒಂದು ದರ್ಜೆ ದಪ್ಪದ ಎಣ್ಣೆ ಹಾಕಬೇಕು. ಬ್ಯಾಟರಿಯನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗಾಗಲಿ ದ್ವಿಚಕ್ರ ವಾಹನದ ಡಿಕ್ಕಿಯಲ್ಲಾಗಲಿ ಬಿಡಬಾರದು. ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ಈ ಪ್ರದೇಶದ ಮೂಲಕ ಹಾದುಹೋಗುತ್ತದೆ. ಅದರ ನುಣುಪು ಡಾಂಬರು ಆಕರ್ಷಕವೆನಿಸಿದರೂ ಭಾರೀ ಲಾರಿಗಳ ಸಂಚಾರವಿರುವುದರಿಂದ ಹೆದ್ದಾರಿಯಲ್ಲಾಗಲಿ ಅದರ ಪಕ್ಕದ ಸೇವಾ ರಸ್ತೆಯಲ್ಲಾಗಲಿ ಕಾರನ್ನು ಪರೀಕ್ಷಿಸುವುದು ಅಪಾಯಕಾರಿ.