ಬಾಳೆ ಕಂದುಗಳ ಆಯ್ಕೆ, ಬೇರ್ಪಡಿಕೆ ಮತ್ತು ಮರುನಾಟಿ: ರಾಮನಗರ ಭಾಗದ ರೈತರಿಗೆ ತಾಂತ್ರಿಕ ಮಾಹಿತಿ

ಪೂರ್ವ ಒಣ ವಲಯಕ್ಕೆ ಸೇರಿದ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ಬಾಳೆಯನ್ನು ಕೊಳವೆಬಾವಿ ಮತ್ತು ಜಲಾಶಯಗಳ ನೀರಿನ ಆಸರೆಯಲ್ಲಿ, ಪೂರ್ಣ ಬೆಳೆಯಾಗಿಯೂ ತೆಂಗಿನ ತೋಟದಲ್ಲಿ ಅಂತರ ಬೆಳೆಯಾಗಿಯೂ ಬೆಳೆಯಲಾಗುತ್ತಿದೆ. ಅಂಗಾಂಶ ಕೃಷಿಯ ಸಸಿಗಳು ದೊರೆಯುತ್ತಿದ್ದರೂ ಏಲಕ್ಕಿ ಬಾಳೆಯಲ್ಲಿ ಅನೇಕ ರೈತರು ಇಂದಿಗೂ ತಮ್ಮ ತೋಟದ ಅಥವಾ ನೆರೆಯವರ ತೋಟದ ಕಂದುಗಳನ್ನೇ ನೆಡುತ್ತಾರೆ. ಇದರಲ್ಲಿ ಖರ್ಚು ಕಡಿಮೆ. ಕಣ್ಣಾರೆ ಕಂಡ ಗಿಡದ ತಳಿಯೇ ಕೈಸೇರುತ್ತದೆ.

ಆದರೆ ಕಂದು ಬೀಜದಿಂದ ಹುಟ್ಟಿದ ಸಸಿಯಲ್ಲ. ಅದು ತಾಯಿ ಗಡ್ಡೆಯದೇ ಒಂದು ಭಾಗ. ತಾಯಿಯ ಗೊನೆಯ ಗುಣದಂತೆಯೇ ತಾಯಿಯಲ್ಲಿರುವ ರೋಗ, ಹುಳು ಮತ್ತು ಜಂತುಗಳೂ ಕಂದಿನೊಡನೆ ಹೊಸ ಜಮೀನಿಗೆ ಬರುತ್ತವೆ. ಆದ್ದರಿಂದ ಕಂದನ್ನು ಹೇಗೆ ಉಪಚರಿಸಬೇಕು ಎಂಬುದಕ್ಕಿಂತ, ಯಾವ ಗಿಡದಿಂದ ತೆಗೆಯಬೇಕು ಎಂಬ ತೀರ್ಮಾನವೇ ಮುಖ್ಯವೆಂದು ತಿಳಿಯಬೇಕು.

ತಾಯಿ ಗಿಡದ ಆಯ್ಕೆ

ಏಲಕ್ಕಿ ಬಾಳೆಯು ಪನಾಮ ಸೊರಗು ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಂಜನಗೂಡು ರಸಬಾಳೆಯ ವಿಸ್ತೀರ್ಣ ಬಹುವಾಗಿ ಕುಗ್ಗಲು ಇದೇ ರೋಗ ಮುಖ್ಯ ಕಾರಣ. ಫ್ಯುಸೇರಿಯಂ ಎಂಬ ಶಿಲೀಂಧ್ರವು ಬೇರಿನ ಮೂಲಕ ಗಡ್ಡೆಯನ್ನು ಸೇರಿ ನೀರು ಸಾಗುವ ನಾಳಗಳನ್ನು ಕಟ್ಟಿಬಿಡುತ್ತದೆ. ಒಮ್ಮೆ ಮಣ್ಣಿಗೆ ಬಂದರೆ ಬಾಳೆ ಇಲ್ಲದಿದ್ದರೂ ದಶಕಗಳ ಕಾಲ ಅದು ಅಲ್ಲಿಯೇ ಉಳಿಯಬಲ್ಲದು. ಕೆಲವು ಸೋಂಕಿತ ಕಂದುಗಳಿಂದ ಒಂದು ಜಮೀನು ಮುಂದಿನ ತಲೆಮಾರಿಗೂ ಏಲಕ್ಕಿ ಬಾಳೆಗೆ ಅಯೋಗ್ಯವಾಗಬಹುದು.

ರೋಗದ ಲಕ್ಷಣಗಳು ಹೀಗಿವೆ: ಕೆಳಗಿನ ಹಳೆಯ ಎಲೆಗಳು ಅಂಚಿನಿಂದ ಹಳದಿಯಾಗುತ್ತವೆ, ತೊಟ್ಟಿನ ಬಳಿ ಮುರಿದು ಕಾಂಡದ ಸುತ್ತ ಜೋತು ಬೀಳುತ್ತವೆ, ಬುಡದಲ್ಲಿ ಕಾಂಡವು ಉದ್ದುದ್ದಕ್ಕೆ ಸೀಳುತ್ತದೆ. ಗಡ್ಡೆಯನ್ನು ಅಡ್ಡ ಕತ್ತರಿಸಿದರೆ ಬಿಳಿಯ ತಿರುಳಿನಲ್ಲಿ ಕೆಂಪು ಮಿಶ್ರಿತ ಕಂದು ಬಣ್ಣದ ಚುಕ್ಕೆ, ಗೆರೆಗಳು ಕಾಣುತ್ತವೆ. ಸೋಂಕು ತಗುಲಿದ ನಂತರ ಲಕ್ಷಣ ಹೊರಬೀಳಲು ತಿಂಗಳುಗಳೇ ಹಿಡಿಯುವುದರಿಂದ, ರೋಗಿಷ್ಠ ಗಿಡದ ಪಕ್ಕದ ಕಂದು ಹಸಿರಾಗಿ ಸೊಂಪಾಗಿ ಕಂಡರೂ ಅದನ್ನು ನಂಬುವಂತಿಲ್ಲ. ಹೀಗಾಗಿ ಒಂದು ಗಿಡದಲ್ಲಿ ಸೊರಗು ರೋಗ ಕಂಡರೂ ಆ ತೋಟದಿಂದ ಕಂದು ತೆಗೆಯಬಾರದು.

ಎಲೆಗಳು ಕಿರಿದಾಗಿ, ನೆಟ್ಟಗೆ, ತುದಿಯಲ್ಲಿ ಗೊಂಚಲಿನಂತೆ ಒತ್ತಾಗಿ ಬರುವ ಗುಚ್ಛ ತಲೆ ನಂಜುರೋಗವಿದ್ದಲ್ಲಿಯೂ ಇದೇ ನಿಯಮ. ಈ ನಂಜು ಬುಡದ ಎಲ್ಲ ಕಂದುಗಳಿಗೂ ಹರಡಿರುತ್ತದೆ. ಸಸ್ಯಹೇನುಗಳು ಅದನ್ನು ಅಕ್ಕಪಕ್ಕದ ಬುಡಗಳಿಗೆ ಸಾಗಿಸುತ್ತವೆ.

ಕಂದು ಬೇಕೆಂದು ಗುರುತಿಸಿದ ತೋಟಕ್ಕೆ ಗೊನೆ ಬಲಿಯುವ ಸಮಯದಲ್ಲಿ ಒಮ್ಮೆ ಹೋಗಿ ನೋಡುವುದು ಉತ್ತಮ. ಗೊನೆಯ ತೂಕ, ಚಿಪ್ಪುಗಳ ಸಂಖ್ಯೆ ಮತ್ತು ಗಿಡದ ಆರೋಗ್ಯವನ್ನು ಪರಿಶೀಲಿಸಿ, ಒಳ್ಳೆಯ ಗಿಡಗಳ ಕಾಂಡಕ್ಕೆ ಬಣ್ಣದ ಗುರುತು ಹಾಕಿಕೊಳ್ಳಿ. ಕಟಾವಿನ ನಂತರ ಯಾವ ಬುಡದಲ್ಲಿ ಯಾವ ಗೊನೆ ಇತ್ತೆಂದು ಹೇಳುವುದು ಕಷ್ಟ.

ಕಂದಿನ ಆಯ್ಕೆ

ಬಾಳೆಯ ಬುಡದಲ್ಲಿ ಎರಡು ಬಗೆಯ ಕಂದುಗಳು ಬರುತ್ತವೆ. ಕತ್ತಿಯಂತೆ ಕಿರಿದಾದ ಎಲೆಗಳುಳ್ಳ ಕತ್ತಿ ಕಂದು ಗಡ್ಡೆಯ ಆಳದಿಂದ ಹುಟ್ಟಿ, ಬುಡದಲ್ಲಿ ದಪ್ಪನಾಗಿ ಮೇಲೆ ಸಪೂರವಾಗಿರುತ್ತದೆ. ನೀರು ಕಂದು ಮೇಲ್ಭಾಗದಿಂದ ಹುಟ್ಟಿ, ಚಿಕ್ಕದಿರುವಾಗಲೇ ಅಗಲವಾದ ಎಲೆ ಬಿಡುತ್ತದೆ, ಗಡ್ಡೆ ಸಣ್ಣದಾಗಿರುತ್ತದೆ. ನಾಟಿಗೆ ಕತ್ತಿ ಕಂದು ಮಾತ್ರ ಸೂಕ್ತ. ಹೊಸ ಬೇರು ಬರುವ ತನಕ ಕಂದು ಬದುಕುವುದು ತನ್ನ ಗಡ್ಡೆಯಲ್ಲಿರುವ ಆಹಾರದಿಂದಲೇ. ಆದ್ದರಿಂದ ಎಲೆಯ ಅಂದಕ್ಕಿಂತ ಗಡ್ಡೆಯ ಗಾತ್ರಕ್ಕೆ ಬೆಲೆ ಕೊಡಿ. ಸುಮಾರು 3 ತಿಂಗಳ ವಯಸ್ಸಿನ, 1.5 ರಿಂದ 2 ಕಿ.ಗ್ರಾಂ ತೂಗುವ ಕಂದುಗಳು ಉತ್ತಮ. ಒಂದು ತಾಕಿಗೆ ಒಂದೇ ಗಾತ್ರದವನ್ನು ವಿಂಗಡಿಸಿ ನೆಟ್ಟರೆ ಗೊನೆಗಳು ಹೆಚ್ಚುಕಡಿಮೆ ಒಟ್ಟಿಗೆ ಬರುತ್ತವೆ.

ಬೇರ್ಪಡಿಸುವ ವಿಧಾನ

1. ಹಿಂದಿನ ದಿನ ಬುಡಕ್ಕೆ ಹದವಾಗಿ ನೀರು ಕೊಡಿ. ನಮ್ಮ ಕೆಂಪು ಮಣ್ಣು ಒಣಗಿದಾಗ ಗಟ್ಟಿಯಾಗುವುದರಿಂದ, ಹಾರೆಯಿಂದ ಮೀಟಿದರೆ ಕಂದಿನ ಗಡ್ಡೆಯೇ ಮುರಿಯಬಹುದು.

2. ಕಂದಿನ ಹೊರಬದಿಯ, ಅಂದರೆ ತಾಯಿಗೆ ವಿರುದ್ಧವಾದ ಕಡೆಯ ಮಣ್ಣನ್ನು ಮೊದಲು ಬಿಡಿಸಿ. ಬಳಿಕ ತಾಯಿಗೂ ಕಂದಿಗೂ ನಡುವಿನ ಮಣ್ಣನ್ನು ಕೈಯಿಂದ ಸರಿಸಿ, ಎರಡೂ ಕೂಡುವ ಕತ್ತನ್ನು ಕಣ್ಣಿಗೆ ಕಾಣುವಂತೆ ಮಾಡಿ.

3. ಹರಿತವಾದ ಹಾರೆಯನ್ನು ಆ ಕತ್ತಿನ ಮೇಲೆ ನೇರವಾಗಿ ಇಟ್ಟು ಒಂದೇ ಪೆಟ್ಟಿಗೆ ಬೇರ್ಪಡಿಸಿ, ಕಂದನ್ನು ಗಡ್ಡೆ ಸಹಿತ ಹೊರಕ್ಕೆ ಮೀಟಿ. ಕಾಂಡ ಹಿಡಿದು ಎಳೆಯಬಾರದು.

4. ತಾಯಿಯ ಬುಡದ ಗುಂಡಿಯನ್ನು ಕೂಡಲೇ ಮುಚ್ಚಿ ತುಳಿಯಿರಿ. ಗೊನೆ ಹೊತ್ತ ಗಿಡದಿಂದ ಒಮ್ಮೆಗೆ ಒಂದಕ್ಕಿಂತ ಹೆಚ್ಚು ಕಂದು ತೆಗೆಯುವುದು ಬೇಡ. ಬೇರು ಸಡಿಲಗೊಂಡು ಗಾಳಿಗೆ ಗಿಡ ಉರುಳುವ ಸಂಭವವಿದೆ. ಹೆಚ್ಚು ಕಂದುಗಳು ಬೇಕಾದರೆ ಕಟಾವು ಮುಗಿಯುವವರೆಗೆ ಕಾಯಿರಿ.

5. ಒಂದು ತೋಟದಿಂದ ಮತ್ತೊಂದು ತೋಟಕ್ಕೆ ಹೋಗುವ ಮೊದಲು ಹಾರೆ, ಮಚ್ಚುಗಳಿಗೆ ಅಂಟಿದ ಮಣ್ಣನ್ನು ತೊಳೆದು, ಬ್ಲೀಚಿಂಗ್ ಪುಡಿಯ ದ್ರಾವಣದಲ್ಲಿ ಅದ್ದಿ ತೆಗೆಯಿರಿ. ಚಪ್ಪಲಿಯ ಮಣ್ಣಿನಲ್ಲಿಯೂ ಶಿಲೀಂಧ್ರ ಸಾಗುತ್ತದೆ.

ಗಡ್ಡೆ ಸವರುವುದು ಮತ್ತು ಉಪಚಾರ

ಹಳೆಯ ಬೇರುಗಳನ್ನು ಕತ್ತರಿಸಿ, ಗಡ್ಡೆಯ ಹೊರಪದರವನ್ನು ಬಿಳಿಯ ತಿರುಳು ಕಾಣುವಂತೆ ತೆಳುವಾಗಿ ಸವರಬೇಕು. ಇದರಿಂದ ಜಂತುಗಳು ಮತ್ತು ಗಡ್ಡೆ ಕೊರೆಯುವ ಮೂತಿ ಹುಳುವಿನ ಮೊಟ್ಟೆಗಳು ಬಹುಪಾಲು ಹೊರಹೋಗುತ್ತವೆ. ಸವರುವಾಗ ಕಂದು ಬಣ್ಣದ ಚುಕ್ಕೆ ಅಥವಾ ಸುರಂಗ ಕಂಡರೆ ಆ ಕಂದನ್ನು ನಾಶಪಡಿಸಿ. ಕಾಂಡವನ್ನು ಗಡ್ಡೆಯಿಂದ 20 ಸೆಂ.ಮೀ. ಮೇಲೆ ಕತ್ತರಿಸಿ. ಬೆಳೆಯುವ ಸುಳಿ ಇನ್ನೂ ಗಡ್ಡೆಯ ತಲೆಯಲ್ಲೇ ಇರುವುದರಿಂದ ಇದರಿಂದ ಹಾನಿಯಿಲ್ಲ. ಎಲೆಯ ಮೂಲಕ ನೀರು ಆವಿಯಾಗುವುದು ತಪ್ಪುತ್ತದೆ.

ಸವರಿದ ಗಡ್ಡೆಯನ್ನು ಕುದಿಯುವ ನೀರಿನಲ್ಲಿ 30 ಸೆಕೆಂಡು ಮಾತ್ರ ಅದ್ದಿ ತೆಗೆಯುವುದು ಜಂತು ಮತ್ತು ಮೂತಿ ಹುಳುವಿಗೆ ವಿಷವಿಲ್ಲದ ಉಪಾಯ. ಗಡ್ಡೆ ತಣಿದ ನಂತರ, ಪ್ರತಿ ಲೀಟರ್ ನೀರಿಗೆ 1 ಗ್ರಾಂ ಕಾರ್ಬೆಂಡಜಿಮ್ ಬೆರೆಸಿದ ದ್ರಾವಣದಲ್ಲಿ 5 ನಿಮಿಷ ಅದ್ದಬೇಕು, ಕೈಗವಸು ಕಡ್ಡಾಯ. ಈ ಅದ್ದುವಿಕೆ ಗಡ್ಡೆಯ ಮೇಲ್ಮೈಯನ್ನು ರಕ್ಷಿಸುತ್ತದೆಯೇ ಹೊರತು ಒಳಗೆ ಸೇರಿದ ಸೊರಗು ರೋಗವನ್ನು ಗುಣಪಡಿಸುವುದಿಲ್ಲ. ರೋಗದ ತೋಟದ ಕಂದನ್ನು ಔಷಧಿಯಲ್ಲಿ ಅದ್ದಿದ ಮಾತ್ರಕ್ಕೆ ಅದು ಆರೋಗ್ಯವಂತ ಕಂದಾಗದು.

ಕತ್ತರಿಸಿದ ಗಡ್ಡೆಯ ವಾಸನೆಗೆ ಮೂತಿ ಹುಳುಗಳು ರಾತ್ರಿ ವೇಳೆ ಬರುತ್ತವೆ. ಆದ್ದರಿಂದ ಕಂದುಗಳನ್ನು ಹಳೆಯ ತೋಟದಲ್ಲಿ ರಾತ್ರಿ ಬಿಡದೆ ಅಂದೇ ಸಾಗಿಸಿ, ನೆರಳಿನಲ್ಲಿ ಗಾಯ ಒಣಗಲು ಬಿಟ್ಟು, ಒಂದು ವಾರದೊಳಗೆ ನೆಡಬೇಕು.

ಮರುನಾಟಿ

ಮುಂಗಾರು ಹಿಡಿದ ಜೂನ್–ಜುಲೈ ತಿಂಗಳುಗಳು ಅನುಕೂಲಕರ. ನೀರಿನ ಭದ್ರತೆ ಇದ್ದರೂ ಮಾರ್ಚ್‌ನಿಂದ ಮೇ ವರೆಗಿನ ಬಿರುಬಿಸಿಲಿನ ನಾಟಿಯನ್ನು ತಪ್ಪಿಸಿ. ಏಲಕ್ಕಿ ಬಾಳೆಗೆ 7 × 7 ಅಡಿ ಅಂತರದಲ್ಲಿ ಎಕರೆಗೆ ಸುಮಾರು 890 ಕಂದುಗಳು, ಪಚ್ಚಬಾಳೆಗೆ 6 × 6 ಅಡಿ ಅಂತರದಲ್ಲಿ ಸುಮಾರು 1,210 ಕಂದುಗಳು ಬೇಕಾಗುತ್ತವೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿನೊಡನೆ 10 ಕಿ.ಗ್ರಾಂ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು 250 ಗ್ರಾಂ ಬೇವಿನ ಹಿಂಡಿ ಬೆರೆಸಿ ತುಂಬಿ. ಕೊಟ್ಟಿಗೆ ಗೊಬ್ಬರವನ್ನು ಮೊದಲೇ ಟ್ರೈಕೋಡರ್ಮಾದಿಂದ ಸಮೃದ್ಧಗೊಳಿಸಿದ್ದರೆ ಇನ್ನೂ ಒಳಿತು.

ಗಡ್ಡೆ ಪೂರ್ಣ ಮುಚ್ಚಿ, ಕಾಂಡದ ತುದಿ ಸುಮಾರು 5 ಸೆಂ.ಮೀ. ಹೊರಗೆ ಉಳಿಯುವಂತೆ ಕಂದನ್ನು ನೇರವಾಗಿ ನಿಲ್ಲಿಸಿ, ಸುತ್ತಲೂ ಗಾಳಿ ಉಳಿಯದಂತೆ ಮಣ್ಣು ತುಳಿಯಿರಿ. ನೆಟ್ಟ ಕೂಡಲೇ ಒಂದು ಹದ ನೀರು, 4ನೇ ದಿನ ಮತ್ತೊಮ್ಮೆ ನೀರು ಕೊಡಿ. ಬೇರಿಲ್ಲದ ಗಡ್ಡೆ ನೀರು ನಿಂತರೆ ಕೊಳೆಯುತ್ತದೆ. ಹೊಸ ಎಲೆ ಬಿಚ್ಚುವವರೆಗೆ ರಾಸಾಯನಿಕ ಗೊಬ್ಬರ ಬೇಡ. ಚಿಗುರದ ಕಂದುಗಳನ್ನು 45 ದಿನಗಳೊಳಗೆ ಬದಲಿಸಿ.

ತಾಯಿ ಬುಡದಲ್ಲಿ ಉಳಿಸುವ ಕಂದು

ಹೂ ಹೊರಬರುವ ತನಕ ಪಕ್ಕದ ಕಂದುಗಳನ್ನು ತಿಂಗಳಿಗೊಮ್ಮೆ ತೆಗೆಯಬೇಕು. ನೆಲಮಟ್ಟಕ್ಕೆ ಕೊಯ್ದರೆ ಅವು ಮತ್ತೆ ಚಿಗುರುತ್ತವೆ. ಹಾರೆಯ ತುದಿಯಿಂದ ಸುಳಿಯನ್ನೇ ಕಿತ್ತುಹಾಕಬೇಕು. ಹೂ ಬಂದಾಗ, ಆಳದಿಂದ ಹುಟ್ಟಿದ ಒಂದು ಕತ್ತಿ ಕಂದನ್ನು ಕೂಳೆ ಬೆಳೆಗೆಂದು ಉಳಿಸಿ. ಎಲ್ಲ ಬುಡಗಳಲ್ಲಿಯೂ ಒಂದೇ ದಿಕ್ಕಿನ ಕಂದನ್ನು ಬಿಟ್ಟರೆ ಸಾಲು ಕೆಡುವುದಿಲ್ಲ. ಗೊನೆ ಕಡಿದ ಮೇಲೆ ತಾಯಿ ಕಾಂಡವನ್ನು ಹಂತಹಂತವಾಗಿ ಕತ್ತರಿಸಿದರೆ ಅದರಲ್ಲಿರುವ ಪೋಷಕಾಂಶ ಮತ್ತು ನೀರು ಕೂಳೆ ಕಂದಿಗೆ ಒದಗುತ್ತದೆ.

ಸೊರಗು ರೋಗ ಕಂಡ ತೋಟದಲ್ಲಿ

ರೋಗಿಷ್ಠ ಬುಡವನ್ನು ಎಳೆದು ಸಾಗಿಸದೆ ಇದ್ದಲ್ಲಿಯೇ ನಾಶಪಡಿಸಿ. ಅಲ್ಲಿಂದ ಆರೋಗ್ಯವಂತ ಗಿಡಗಳತ್ತ ನೀರು ಹರಿಯದಂತೆ ಬದು ಹಾಕಿ. ಆ ತಾಕಿನಲ್ಲಿ ಮತ್ತೆ ಏಲಕ್ಕಿ ಅಥವಾ ರಸಬಾಳೆ ನೆಡಬೇಡಿ. ಏಲಕ್ಕಿಯನ್ನು ಬಾಧಿಸುವ ಈ ಶಿಲೀಂಧ್ರದ ಒಂದನೇ ಪ್ರಭೇದಕ್ಕೆ ಪಚ್ಚಬಾಳೆ ಮತ್ತು ಜಿ-9 ತಳಿಗಳು ನಿರೋಧಕವಾಗಿವೆ. ಆದರೆ ಇವನ್ನೂ ಬಾಧಿಸುವ ಮತ್ತೊಂದು ಪ್ರಭೇದ ಬಿಹಾರ ಮತ್ತು ಉತ್ತರ ಪ್ರದೇಶಗಳಲ್ಲಿ ಕಂಡುಬಂದಿರುವುದರಿಂದ, ಹೊರ ರಾಜ್ಯಗಳ ಕಂದುಗಳನ್ನು ತರಬಾರದು. ಸ್ಥಳೀಯವಾಗಿ ಶುದ್ಧ ಕಂದು ಸಿಗದಿದ್ದಲ್ಲಿ ಮಾನ್ಯತೆ ಪಡೆದ ಪ್ರಯೋಗಾಲಯದ ಅಂಗಾಂಶ ಕೃಷಿ ಸಸಿಗಳನ್ನು ಕೊಳ್ಳುವುದೇ ಲೇಸು.

ಗಡ್ಡೆಯ ಬಣ್ಣ ಅಥವಾ ಎಲೆಯ ಲಕ್ಷಣದ ಬಗ್ಗೆ ಸಂಶಯವಿದ್ದಲ್ಲಿ, ನಾಟಿಗೆ ಮೊದಲೇ ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಿ. ರೋಗಿಷ್ಠ ಗಿಡವನ್ನು ಕಿತ್ತು ತರುವ ಬದಲು ಅದರ ಹಾಗೂ ಕತ್ತರಿಸಿದ ಗಡ್ಡೆಯ ಸ್ಪಷ್ಟ ಚಿತ್ರಗಳನ್ನು ತೋರಿಸಿ ಸಲಹೆ ಪಡೆಯಿರಿ.