ಗ್ವಾಡಿಗೆ ಹಚ್ಚಲಿಕ್ಕೆ ಹುಟ್ಟಿದ ಗುಳ್ಳಿ ಹಾಳಿ



ಮನಿಗೆ ಪಾರ್ಸಲ್ ಬಂತಂದ್ರ ಒಳಗಿನ ಸಾಮಾನ ನೋಡೂದು ಆಮ್ಯಾಲ. ಅದರ ಮ್ಯಾಲಿನ ಗುಳ್ಳಿ ಹಾಳಿ ತಮಗ ಬೇಕು ಅಂತ ಹುಡುಗರ ಜಗಳ ಮದಲ ಸುರು ಆಗ್ತದ. ಪಟ್ ಪಟ್ ಅಂತ ಒಡಿಯೂದರಾಗ ದೊಡ್ಡವರೂ ಏನು ಹಿಂದ ಬೀಳಂಗಿಲ್ಲ ಬಿಡ್ರಿ. ಅಂಗಡ್ಯಾಗ ಇದಕ್ಕ ಬಬಲ್ ರ್ಯಾಪ್ ಅಂತಾರ. ಇದನ್ನ ಮಾಡಿದವರು ಒಡಿಯೋ ಸಾಮಾನ ಸುತ್ತಲಿಕ್ಕೆ ಅಂತ ಮಾಡಿದ್ದಲ್ಲ, ಗ್ವಾಡಿಗೆ ಹಚ್ಚಲಿಕ್ಕೆ ಅಂತ ಮಾಡಿದ್ದು. ಆ ಸುದ್ದಿ ಇವತ್ತ ಹೇಳ್ತೀನಿ. ಆದ್ರ ಅದಕ್ಕ ಮದಲ ಇನ್ನೂ ಹಿಂದ ಹೋಗಬೇಕು, ಯಾಕಂದ್ರ ಕಪ್ಪು-ಬಶಿ ದೂರದ ಊರಿಗೆ ಹೋಗಲಿಕ್ಕೆ ಹತ್ತಿ ಸಾವಿರ ವರ್ಷದ ಮ್ಯಾಲ ಆತು. ಪ್ಲಾಸ್ಟಿಕ್ ಬಂದದ್ದು ನಿನ್ನಿ ಮೊನ್ನಿ.

ಇಂಡೋನೇಷ್ಯಾದ ಬೆಲಿಟುಂಗ್ ಅನ್ನೋ ನಡುಗಡ್ಡಿ ಹತ್ತರ 1998ರಾಗ ಸಮುದ್ರದ ತಳಕ್ಕ ಒಂದು ಹಳೇ ಹಡಗ ಸಿಕ್ಕಿತು. ಅರಬರ ಕಡೆ ಕಟ್ಟೋ ನಮೂನಿ ಹಡಗ, ಚೀನಾದಿಂದ ಸಾಮಾನ ತುಂಬಿಕೊಂಡು ಹೊಂಟಿತ್ತು. ಅದರೊಳಗಿನ ಒಂದು ಬಟ್ಟಲದ ಮ್ಯಾಲ 826ನೇ ಇಸವಿಗೆ ಸರಿಯಾಗೋ ಚೀನೀ ತಾರೀಖು ಇತ್ತು. ಸುಮಾರು 60,000 ಚೀನೀ ಭಾಂಡೆ ಆ ಹಡಗಿನಾಗ ಇದ್ವು, ಭಾಳಷ್ಟು ಒಡೀದ ಉಳದಿದ್ವು. ಹೆಂಗ ಉಳದ್ವು ಅಂತೀರೇನು? ಸಣ್ಣ ಬಟ್ಟಲಗಳನ್ನ ಒಂದಕ್ಕೊಂದು ಆತು ಸುರುಳಿ ಸುರುಳಿಯಾಗಿ ಜೋಡಿಸಿ, ನಮ್ಮ ಹರವಿಯಂಥಾ ದೊಡ್ಡ ಮಣ್ಣಿನ ಪಾತ್ರಿಯೊಳಗ ಒತ್ತಿ ತುಂಬಿದ್ರು. ಒಂದೊಂದು ಹರವಿಯಾಗ ನೂರಕ್ಕಿಂತ ಹೆಚ್ಚು ಬಟ್ಟಲ. ಅಲ್ಲಾಡಲಿಕ್ಕೆ ಜಾಗಾನ ಇಲ್ಲದಿದ್ರ ಬಡಕೊಳ್ಳೂದು ಎಲ್ಲಿಂದ ಬಂತು?

ಇದಕ್ಕಿಂತ ನನಗ ಭಾಳ ಸೇರಿದ್ದು ಮಿಂಗ್ ಅರಸರ ಕಾಲದ ಯುಕ್ತಿ. ಶೆನ್ ಡೆಫು (1578–1642) ಅಂತ ಒಬ್ಬ ಬರಹಗಾರ ತಾನು ಕೇಳಿದ್ದು, ಕಂಡದ್ದು ಎಲ್ಲಾ ಬರದಿಟ್ಟಾನ. ಬೀಜಿಂಗಿಗೆ ಬಂದ ಪರದೇಶದ ರಾಯಭಾರಿಗಳು ಪಿಂಗಾಣಿ ಖರೀದಿ ಮಾಡಿ ಬಂಡಿಯಾಗ ಹೇರಿಕೊಂಡು ಹೋಗೂವಾಗ ಏನು ಮಾಡ್ತಿದ್ರು ಅಂತ ಅವನ ಪುಸ್ತಕದಾಗ ಅದ. ಒಂದೊಂದು ಪಾತ್ರಿಯೊಳಗ ಒಂದೀಟು ಮಣ್ಣು, ನಾಕು ಕಾಳು, ಒಂದೀಟು ಗೋದಿ ಹಾಕೂದು. ಹತ್ತಾರು ಪಾತ್ರಿ ಒಂದರೊಳಗೊಂದು ಇಟ್ಟು ಬಿಗಿಯಾಗಿ ಕಟ್ಟೂದು. ಹಸಿ ನೆಲದ ಮ್ಯಾಲ ಇಟ್ಟು ದಿನಾ ನೀರು ಚಿಮುಕಿಸೂದು. ಕೆಲವು ದಿನಕ್ಕ ಕಾಳು ಮೊಳಕಿ ಒಡದು, ಬೇರು ಬಿಟ್ಟು, ಪಾತ್ರಿ ಪಾತ್ರಿಗಳ ನಡುವ ಹೆಣಕೊಂಡು ಗಟ್ಟಿಯಾಗಿ ಕೂಡ್ತಿತ್ತು. ಆಮ್ಯಾಲ ಆ ಕಟ್ಟು ಎತ್ತಿ ಕಲ್ಲು ನೆಲದ ಮ್ಯಾಲ ಒಗದು ನೋಡ್ತಿದ್ರು. ಒಡೀಲಿಲ್ಲ ಅಂದ್ರ ಬಂಡಿಗೆ ಏರಸೂದು! ನಾವು ಉಸಳಿ ಮಾಡಲಿಕ್ಕೆ ಹೆಸರುಕಾಳು ಮೊಳಕಿ ಕಟ್ಟತೀವಿ, ಅವರು ಪಿಂಗಾಣಿ ಕಾಯಲಿಕ್ಕೆ ಕಟ್ಟಿದ್ರು ನೋಡ್ರಿ.

ಮುಂದ ಯುರೋಪಿನವರು ಚೀನಾಕ್ಕ ಬಂದ್ರು. ಡಚ್ಚರ ಗೆಲ್ಡರ್‌ಮಾಲ್ಸೆನ್ ಅನ್ನೋ ಹಡಗ 1752ರ ಜನವರಿಯಾಗ ಚಹಾ, ಬಂಗಾರ, ಪಿಂಗಾಣಿ ತುಂಬಿಕೊಂಡು ವಾಪಸ್ ಹೊಂಟಾಗ ಬಂಡಿಗೆ ಬಡದು ಮುಳುಗಿತು. 1985ರಾಗ ಅದನ್ನ ಹುಡುಕಿ ತಗದಾಗ ಒಂದೂವರಿ ಲಕ್ಷದಷ್ಟು ಪಿಂಗಾಣಿ ಸಾಮಾನ ಸಿಕ್ಕವು. ಆಗಿನ ಹಡಗಿನಾಗ ಪಿಂಗಾಣಿ ಪೆಟ್ಟಿಗಿ ತಳಕ್ಕ, ಚಹಾದ ಪೆಟ್ಟಿಗಿ ಅದರ ಮ್ಯಾಲ ಇಡೂದು ಪದ್ಧತಿ. ಪಿಂಗಾಣಿಗೆ ನೀರು ತಾಕಿದ್ರ ಏನೂ ಆಗಂಗಿಲ್ಲ, ಹಡಗಿನ ತಳಕ್ಕ ಭಾರಾನೂ ಆಗ್ತದ. ಚಹಾ ಮ್ಯಾಲ ಒಣಾ ಉಳೀತದ. ಎರಡೂ ಕೆಲಸ ಒಂದರಾಗ ಆದಂಗ.

ಇಂಗ್ಲಂಡಿನ ಜೋಸಾಯಾ ವೆಜ್‌ವುಡ್ ಅಂತೂ ಸಾಮಾನ ಸುತ್ತೂ ವಿಚಾರ ಬಿಟ್ಟು ದಾರೀನ ಬದಲಿ ಮಾಡ್ಲಿಕ್ಕೆ ಹೊಂಟ. ಅವನ ಊರ ಕಡೆ ರಸ್ತಾ ಭಾಳ ಕೆಟ್ಟ ಇದ್ವು. ಕುದುರಿ ಬೆನ್ನ ಮ್ಯಾಲ, ಬಂಡಿಯಾಗ ಹೋದ ಸಾಮಾನ ಮುಟ್ಟೂದರಾಗ ಚೂರು. ಅದಕ್ಕ ಟ್ರೆಂಟ್ ಮತ್ತ ಮರ್ಸಿ ನದಿ ಕೂಡಿಸೋ ಕಾಲುವೆ ತೋಡಬೇಕು ಅಂತ ಬೆನ್ನ ಹತ್ತಿದ. 1766ರಾಗ ಮದಲನೇ ಗುದ್ದಲಿ ಹಾಕಿದವ ಅವನ. 1777ಕ್ಕ ಕಾಲುವೆ ಪೂರಾ ಆತು. ನೀರಿನ ಮ್ಯಾಲ ದೋಣಿ ತೇಲಿಕೋತ ಹೋದ್ರ ಧಕ್ಕಿ ಎಲ್ಲಿಂದು?

ನಮ್ಮ ಕಡೆ ಸುದ್ದಿ ನಿಮಗ ಗೊತ್ತ ಅದ. ಬಳಿಗಾರರು ಗಾಜಿನ ಬಳಿ ಹಗ್ಗಕ್ಕ ಪೋಣಿಸಿ ಬಿಗಿಯಾಗಿ ಮಲಾರ ಕಟ್ಟಿ ಹೆಗಲ ಮ್ಯಾಲ ಹೊತ್ತು ಊರೂರು ತಿರಗ್ತಿದ್ರು. ಸಡಿಲ ಬಿಟ್ರ ಬಳಿ ಒಡೀತಾವ, ಒತ್ತಿ ಕಟ್ಟಿದ್ರ ಒಂದಕ್ಕೊಂದು ಆಸರ ಆಗ್ತಾವ. ನಮ್ಮವ್ವನ ಕಾಲಕ್ಕ ಮನಿ ಬದಲಿ ಮಾಡೂದಿದ್ರ ಚಕ್ಕಡಿಯಾಗ ಕೆಳಗ ಕಣಕಿ ಹಾಸಿ, ಭರಣಿಗೆ ಕೌದಿ ಸುತ್ತಿ, ಕಪ್ಪು-ಬಶಿ ಹಳೇ ಸೀರಿಯೊಳಗ ಸುತ್ತಿ ಹಿಟ್ಟಿನ ಡಬ್ಬಿಯಾಗ ಇಡ್ತಿದ್ರು. ಕಣಕಿ ಆಮ್ಯಾಲ ದನ ತಿಂತಿದ್ವು, ಕೌದಿ ರಾತ್ರಿ ಹೊದಿಯಲಿಕ್ಕೆ ಬರ್ತಿತ್ತು. ಒಂದು ಸಾಮಾನೂ ದಂಡ ಆಗ್ತಿರಲಿಲ್ಲ.

ಈಗ ಅಮೇರಿಕಾಕ್ಕ ಬರೋಣ. 1957ರಾಗ ನ್ಯೂ ಜೆರ್ಸಿಯ ಹಾಥಾರ್ನ್ ಅನ್ನೋ ಊರಾಗ ಆಲ್ಫ್ರೆಡ್ ಫೀಲ್ಡಿಂಗ್ ಮತ್ತ ಮಾರ್ಕ್ ಷವಾನ್ ಅಂತ ಇಬ್ಬರು ಒಂದು ಗ್ಯಾರೇಜಿನಾಗ ಖಟಪಟಿ ನಡಸಿದ್ರು. ಹೊಸ ನಮೂನಿ ವಾಲ್‌ಪೇಪರ್ ಮಾಡಬೇಕು, ಮುಟ್ಟಿದ್ರ ಉಬ್ಬು ತಗ್ಗು ಕೈಗೆ ಹತ್ತಬೇಕು ಅಂತ ಅವರ ವಿಚಾರ. ಬಚ್ಚಲಿಗೆ ಕಟ್ಟೋ ಪ್ಲಾಸ್ಟಿಕ್ ಪರದೆ ಎರಡು ತಗೊಂಡು ಶಾಖ ಕೊಟ್ಟು ಕೂಡಿಸಿದ್ರು. ನಡುವ ಗಾಳಿ ಸಿಕ್ಕೊಂಡು ಗುಳ್ಳಿ ಎದ್ವು. ನೋಡಲಿಕ್ಕೆ ಚಂದ ಕಂಡ್ರೂ ಗ್ವಾಡಿಗೆ ಹಚ್ಚಿಕೊಳ್ಳೋ ಮಂದಿ ಸಿಗಲಿಲ್ಲ.

ಆದ್ರೂ ಅವರು ಅದನ್ನ ತಿಪ್ಪಿಗೆ ಒಗೀಲಿಲ್ಲ. ಹಸಿರುಮನಿಗೆ ಹೊದಿಸಿದ್ರ ಒಳಗಿನ ಬೆಚ್ಚಗ ಉಳೀತದ ಅಂತ ಹೇಳಿ ಮಾರಿ ನೋಡಿದ್ರು, ಅದೂ ಅಷ್ಟಕ್ಕಷ್ಟ ಆತು. 1960ರಾಗ ಸೀಲ್ಡ್ ಏರ್ ಅಂತ ಕಂಪನಿ ಕಟ್ಟಿದ್ರು. ಅದೇ ಹೊತ್ತಿಗೆ ಐಬಿಎಂ ಕಂಪನಿಯ ಹೊಸ ಕಂಪ್ಯೂಟರ್ ಬಂದಿತ್ತು, ಅದರ ಹೆಸರು 1401, ಸಾರಿದ್ದು 1959ರ ಅಕ್ಟೋಬರದಾಗ. ಆಗಿನ ಕಂಪ್ಯೂಟರ್ ಅಂದ್ರ ಮೇಜಿನ ಮ್ಯಾಲ ಕೂಡೋವಲ್ಲ, ದೊಡ್ಡ ದೊಡ್ಡ ಕಪಾಟು. ಒಳಗ ನಾಜೂಕು ಭಾಗ. ಅದನ್ನ ಲಾರಿಯಾಗ ಊರಿಂದ ಊರಿಗೆ ಕಳಸೂದು ಹೆಂಗ? ಸೀಲ್ಡ್ ಏರ್ ಕಂಪನಿಯ ಮಾರಾಟದ ಕೆಲಸ ನೋಡ್ತಿದ್ದ ಫ್ರೆಡರಿಕ್ ಬವರ್ಸ್ ಐಬಿಎಂಗೆ ಹೋಗಿ, ನಿಮ್ಮ ಯಂತ್ರಕ್ಕ ಇದನ್ನ ಸುತ್ತಿ ಕಳಸ್ರಿ ಅಂದ. ಅವರಿಗೆ ಪಟಾಯಿಸಿತು. ಗ್ವಾಡಿಗೆ ಒಲ್ಲದ್ದು ಯಂತ್ರಕ್ಕ ಅಂಗಿ ಆತು.

ಅದನ್ನ ಮದಲ ಪಟ್ ಅಂತ ಒಡದವ ಯಾರು ಅಂದ್ರ ಫೀಲ್ಡಿಂಗ್ ಅವರ ಮಗ, ಆಗ ಅವನಿಗೆ ಐದು ವರ್ಷ ಅಂತ. ಹುಡುಗರು ಎಲ್ಲೆ ಇದ್ರೂ ಹುಡುಗರ!

ಮಾಡೋ ರೀತಿ ನಮಗ ತಿಳಿಯೂವಂಥಾದ್ದ. ಮೈ ತುಂಬ ಸಣ್ಣ ಸಣ್ಣ ಕುಳಿ ಇರೋ ಉರುಳು ಒಂದಿರ್ತದ, ನಮ್ಮ ಪಡ್ಡಿನ ಹಂಚನ್ನ ಸುತ್ತಿ ಉರುಳಿ ಮಾಡಿದಂಗ. ಬಿಸಿ ಪ್ಲಾಸ್ಟಿಕ್ ಹಾಳಿ ಅದರ ಮ್ಯಾಲ ಬಂದಾಗ ಕುಳಿಯೊಳಗಿಂದ ಗಾಳಿ ಎಳೀತಾರ, ಹಾಳಿ ಕುಳಿಯೊಳಗ ಇಳದು ಉಬ್ಬು ಆಗ್ತದ. ಬಿಸಿ ಇದ್ದಾಗನ ಹಿಂದಿನಿಂದ ಇನ್ನೊಂದು ಸಪಾಟ ಹಾಳಿ ಒತ್ತಿ ಅಂಟಿಸ್ತಾರ. ಗಾಳಿ ಒಳಗ ಸೆರಿ ಆತು. ಈ ವಿಧಾನಕ್ಕ ಷವಾನ್ ಹೆಸರಿಗೆ 1964ರ ಜುಲೈ 28ಕ್ಕ ಪೇಟೆಂಟ್ ಸಿಕ್ಕಿತು, ಅದರ ನಂಬರು 3,142,599.

ಕಾಯೂದು ಪ್ಲಾಸ್ಟಿಕ್ ಅಲ್ಲ, ಒಳಗಿನ ಗಾಳಿ. ಅಟ್ಟದ ಮ್ಯಾಲಿಂದ ಯಾರರ ಭಾಂಡೆ ಕೊಟ್ರ ನಾವು ಹಿಡಿಯೂವಾಗ ಕೈ ಒಂದೀಟು ಕೆಳಗ ತರ್ತೀವಲ್ಲ? ಕೈ ಗಟ್ಟಿ ಹಿಡದ್ರ ಪೆಟ್ಟು ಜೋರ ಹತ್ತತದ, ಕೈ ಬಿಟ್ಟುಕೋತ ಹಿಡದ್ರ ಮೆತ್ತಗ ನಿಲ್ಲತದ. ಗುಳ್ಳಿ ಮಾಡೂದು ಅದ. ಪೆಟ್ಟು ಬಿದ್ದಾಗ ಗುಳ್ಳಿ ಅಮಕಿ, ಸಾಮಾನ ನಿಧಾನಕ್ಕ ನಿಲ್ಲೂವಂಗ ಮಾಡ್ತದ. ಕೌದಿಯ ಪದರು, ಕಣಕಿ ನಡುವಿನ ಸಂದಿ ಮಾಡ್ತಿದ್ದದ್ದೂ ಅದನ್ನ.

ಇನ್ನ ಬಳಸೂದು ಹೆಂಗ? ನಮ್ಮ ಓಣಿಯ ವೈನಿ ಒಬ್ಬರು ಪುಣೆಯಾಗಿನ ಮಗಳಿಗೆ ತಮ್ಮ ಅತ್ತಿಯವರ ಉಪ್ಪಿನಕಾಯಿ ಭರಣಿ ಕಳಸಬೇಕು ಅಂತ ನನ್ನ ಕೇಳಿದ್ರು. ಒಡದ್ರ ಬಜಾರದಾಗ ಇನ್ನೊಂದು ಭರಣಿ ಸಿಗ್ತದ, ಅತ್ತಿಯವರ ಕೈಯಾಡಿದ ಭರಣಿ ಸಿಗಂಗಿಲ್ಲ. ನಾವು ಮಾಡಿದ್ದು ಹೀಂಗ.

ಭರಣಿ ತೊಳದು ಬಿಸಿಲಿಗೆ ಪೂರಾ ಒಣಗಿಸಿದ್ವಿ. ಮುಚ್ಚಳ ತಗದು ಬ್ಯಾರೆ ಸುತ್ತಿದ್ವಿ, ಯಾಕಂದ್ರ ಮ್ಯಾಲ ಇಟ್ರ ಅದು ಬಾಯಿಗೆ ಬಡೀತದ. ಭರಣಿ ಒಳಗ ಹಳೇ ಸೀರಿ ತುಂಡು ತುಂಬಿದ್ವಿ. ಮದಲ ಸಣ್ಣ ಗುಳ್ಳಿ ಹಾಳಿ ಎರಡು ಸುತ್ತು, ಗುಳ್ಳಿ ಸಾಮಾನದ ಕಡೆ, ಸಪಾಟ ಮೈ ಹೊರಗ. ಹಂಗ ಸುತ್ತಿದ್ರ ಹಾಳಿ ಅಂಕು ಡೊಂಕಿಗೆ ಸರಿಯಾಗಿ ಕೂಡ್ತದ, ಟೇಪೂ ಛಲೋ ಅಂಟತದ. ಭರಣಿ ಭಾರ ಇತ್ತಂತ ಅದರ ಮ್ಯಾಲ ದೊಡ್ಡ ಗುಳ್ಳಿದು ಇನ್ನೊಂದು ಸುತ್ತು. ಸಣ್ಣ ಗುಳ್ಳಿ ಹಗರ ಸಾಮಾನಕ್ಕ, ಗೀರು ಬೀಳಬಾರದು ಅನ್ನೂದಕ್ಕ. ಭಾರದ ಸಾಮಾನ ಸಣ್ಣ ಗುಳ್ಳಿಯನ್ನ ತಳದ ತನಕ ಅಮಕಿಬಿಡ್ತದ, ಆಗ ಇದ್ದೂ ಇಲ್ಲದಂಗ. ಟೇಪು ಜೋರ ಎಳದು ಸುತ್ತಬ್ಯಾಡ್ರಿ, ಗುಳ್ಳಿ ಚಪ್ಪಟಿ ಆಗ್ತಾವ.

ರಟ್ಟಿನ ಪೆಟ್ಟಿಗಿ ಭರಣಿಗಿಂತ ಎಲ್ಲಾ ಕಡಿಂದ ಎರಡು ಇಂಚು ದೊಡ್ಡದು ಇರಲಿ. ತಳಕ್ಕ ಮೆತ್ತಗ ಹಾಸಿ, ಭರಣಿ ನಡುವ ಇಟ್ಟು, ಸಂದಿ ಎಲ್ಲಾ ತುಂಬ್ರಿ. ಮುಚ್ಚಿ ಅಲ್ಲಾಡಿಸಿ ಕಿವಿ ಕೊಟ್ಟು ಕೇಳ್ರಿ. ಒಳಗ ಸಪ್ಪಳ ಬಂತಂದ್ರ ಇನ್ನೂ ತುಂಬಬೇಕು. ತಾಟು, ಬಶಿ ಇದ್ರ ಒಂದರ ಮ್ಯಾಲ ಒಂದು ಮಲಗಿಸಬ್ಯಾಡ್ರಿ, ಒಂದೊಂದು ಬ್ಯಾರೆ ಸುತ್ತಿ ಅಂಚಿನ ಮ್ಯಾಲ ನಿಲ್ಲಿಸ್ರಿ. ಮಲಗಿಸಿದ್ರ ಮ್ಯಾಲಿನವುಗಳ ಭಾರ ಎಲ್ಲಾ ತಳದ ತಾಟಿನ ನಡುವ ಬೀಳತದ.

ಇನ್ನ ಎರಡು ಮಾತು. ಬಣ್ಣದ ಚಿತ್ರ, ಹಳೇ ಫೋಟೋ, ಪಾಲಿಶ್ ಮಾಡಿದ ಕಟಗಿ ಸಾಮಾನಕ್ಕ ಗುಳ್ಳಿ ನೇರ ತಾಗಿಸಬ್ಯಾಡ್ರಿ, ಸೆಕಿಗೆ ದುಂಡ ದುಂಡ ಕಲಿ ಉಳೀತಾವ. ನಡುವ ಬಿಳಿ ಹಾಳಿ ಇಲ್ಲಾ ಅರಿವಿ ಇರಲಿ. ಮತ್ತ ವರ್ಷಗಟ್ಟಲೆ ಬಬಲ್ ರ್ಯಾಪಿನಾಗ ಸುತ್ತಿ ಟ್ರಂಕಿನಾಗ ಇಡಬ್ಯಾಡ್ರಿ, ಒಳಗ ಪಸಿ ಹಿಡದು ಹಿತ್ತಾಳಿ, ಬೆಳ್ಳಿ ಕಪ್ಪ ಆಗ್ತಾವ. ಅದು ದಾರಿಗೆ ಅಂತ ಇರೋ ಅಂಗಿ, ಮನಿಗಲ್ಲ.

ಆದ್ರ ಇದರ ಇನ್ನೊಂದು ಮೈಯೂ ನೋಡಬೇಕಲ್ಲ. ಕಣಕಿ ದನ ತಿಂತಿದ್ವು, ಇದನ್ನ ದನ ತಿಂದ್ರ ಸಾಯ್ತಾವ. ಇದು ಪಾಲಿಥಿನ್, ಮಣ್ಣಾಗ ಕರಗಂಗಿಲ್ಲ. 2022ರ ಜುಲೈ 1ರಿಂದ ನಮ್ಮ ದೇಶದಾಗ ಒಂದ ಸಲ ಬಳಸಿ ಒಗಿಯೋ ಕೆಲವು ಪ್ಲಾಸ್ಟಿಕ್ ಸಾಮಾನ ಬಂದ್ ಆದ್ವು, ಸ್ವೀಟಿನ ಡಬ್ಬಿ ಮ್ಯಾಲ ಸುತ್ತೋ ತೆಳು ಹಾಳಿ ಸುದ್ದಾ. ಗುಳ್ಳಿ ಹಾಳಿ ಮಾತ್ರ ಇನ್ನೂ ನಡದದ. ಅದಕ್ಕ ನಾನು ಬಂದ ಹಾಳಿ ಕತ್ತರಿಯಿಂದ ನೀಟಾಗಿ ಬಿಡಿಸಿ ಸುತ್ತಿ ಇಡ್ತೀನಿ. ಗುಳ್ಳಿ ಒಡೀದಿದ್ರ ಅದು ಎಷ್ಟ ಸಲಾನೂ ಊರು ಸುತ್ತತದ. ಹತ್ತರದ ಊರಿಗೆ ನಾವ ಕೈಯಾಗ ಒಯ್ಯೂದಿದ್ರ ಹಳೇ ಸೀರಿ, ಟಾವೆಲ್ ಸಾಕು.

ಕಡೀಗೆ ಒಂದು ಕೇಳೂದದ. ಫೀಲ್ಡಿಂಗ್, ಷವಾನ್ ಅವರ ಹೆಸರು ಉಳದಾವ, ಪೇಟೆಂಟಿನ ನಂಬರು ಸುದ್ದಾ ಉಳದದ. ಮೊಳಕಿ ಕಾಳಿನ ಯುಕ್ತಿ ನಮಗ ಗೊತ್ತಾದದ್ದು ಶೆನ್ ಡೆಫು ಬರದಿಟ್ಟಾನ ಅಂತ. ನಮ್ಮ ಅವ್ವಂದಿರು, ಅಜ್ಜಿಯಂದಿರು ಚಕ್ಕಡಿಯಾಗ, ರೈಲಿನಾಗ ಗಾಜು, ಪಿಂಗಾಣಿ ಒಡೀದಂಗ ಒಯ್ದ ಯುಕ್ತಿ ಯಾರೂ ಬರದಿಟ್ಟಿಲ್ಲ. ಮದಿವಿ ಆಗಿ ಬರೂವಾಗ ಕನ್ನಡಿ ಹೆಂಗ ತಂದ್ರು, ದೀಪದ ಗಾಜು ಯಾವುದರಾಗ ಸುತ್ತಿದ್ರು, ತತ್ತಿ ಬುಟ್ಟಿಗೆ ಏನು ಹಾಸತಿದ್ರು? ಅಂಥಾದ್ದನ್ನ ನೋಡಿದವರು, ಕೈಲೆ ಮಾಡಿದವರು ನಮ್ಮ ನಡುವ ಇನ್ನೂ ಇದ್ದಾರ. ಅವರ ಹತ್ತರ ಕೂತು ಕೇಳ್ರಿ, ಊರಿನ ಹೆಸರು ಹಾಕಿ ನನಗ ತಿಳಸ್ರಿ. ಒಂದೊಂದಾಗಿ ಬರದಿಡ್ತೀನಿ.

ವೈನಿಯವರ ಭರಣಿ ಪುಣೆ ಮುಟ್ಟೇದ. ಈ ಸಲದ ಮಾವಿನಕಾಯಿ ಅದರಾಗ ಬಿದ್ದದ ಅಂತ ಮಗಳು ಫೋನ್ ಮಾಡಿದ್ಳಂತ.